ಹೊರದೇಶದ ಒಂದು ಸಾಧಾರಣ ಮಂಗಳವಾರ

ಹೊರದೇಶಕ್ಕೆ ಹೋಗಿ ನೆಲೆಸಬೇಕು ಎನ್ನುವವರು ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆ ಮಾಡಿಟ್ಟುಕೊಂಡಿರುತ್ತಾರೆ. ಸಂಬಳ, ತೆರಿಗೆ, ಬಾಡಿಗೆ, ವಿಮೆ ಎಲ್ಲಕ್ಕೂ ಒಂದೊಂದು ಸಾಲು. ಕಟ್ಟಕಡೆಗೆ ‘ಜೀವನಶೈಲಿ, ಜನ’ ಅಂತ ಬರೆದು ಹತ್ತಕ್ಕೆ ಏಳೋ ಎಂಟೋ ಅಂಕ ಹಾಕಿರುತ್ತಾರೆ. ಉಳಿದ ಸಾಲುಗಳ ಲೆಕ್ಕ ತಪ್ಪಿದರೆ ಹೇಗೋ ಸರಿತೂಗಿಸಿಕೊಳ್ಳಬಹುದು. ಈ ಕೊನೆಯ ಸಾಲು ತಪ್ಪಿದರೆ ಮನೆಯೊಳಗೆ ಜಗಳ ಶುರುವಾಗುತ್ತದೆ. ‘ಅಲ್ಲಿನ ಜನ ಹೇಗೆ?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಮನೆಯಲ್ಲಿ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಹೋದಾಗ ಹೇಗೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಹಾಗಾಗಿ ಮೊದಲ ಕೆಲಸ: ಆ ಊರಿನ ಅತ್ಯಂತ ಕೆಟ್ಟ ತಿಂಗಳಿನ ಒಂದು ಸಾಧಾರಣ ಮಂಗಳವಾರವನ್ನು ಆರಿಸಿಕೊಳ್ಳಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ. ಏಳುವ ಹೊತ್ತಿನಿಂದ ಮಲಗುವವರೆಗೆ ಅರ್ಧರ್ಧ ಗಂಟೆಗೆ ಎಲ್ಲಿ ಇರುತ್ತೀರಿ, ಯಾರ ಜತೆ, ಯಾವ ಭಾಷೆಯಲ್ಲಿ ಮಾತು ಎಂದು ಬರೆಯಿರಿ. ನೌಕರಿ ಸಿಕ್ಕವರ ಹಾಳೆ ಐದು ನಿಮಿಷದಲ್ಲಿ ತುಂಬುತ್ತದೆ. ಜತೆಗೆ ಹೋಗುವ ಗಂಡನದೋ ಹೆಂಡತಿಯದೋ ಹಾಳೆ ಬೆಳಗ್ಗೆ ಒಂಬತ್ತರ ನಂತರ ಖಾಲಿ ಬೀಳುತ್ತದೆ. ಸ್ಟಾಕ್‌ಹೋಮ್‌ನ ಡಿಸೆಂಬರ್ ಆಗಿದ್ದರೆ ಹಗಲು ಇರುವುದೇ ಸುಮಾರು 6 ಗಂಟೆ, ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಆ ಖಾಲಿ ಜಾಗವನ್ನು ‘ಹೋದ ಮೇಲೆ ನೋಡಿಕೊಳ್ಳೋಣ’ ಎಂದು ಬಿಡಬೇಡಿ.

ಸಂಗಾತಿಗೆ ಕೆಲಸ ಮಾಡುವ ಹಕ್ಕು ಇದೆಯೇ ಎಂಬುದು ವೀಸಾದ ಹೆಸರಿನ ಮೇಲೆ ನಿಂತಿದೆ, ದೇಶದ ‘ಆಧುನಿಕತೆ’ಯ ಮೇಲಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಇದ್ದವರ ಸಂಗಾತಿ ಬಂದ ಕೂಡಲೇ ಕೆಲಸಕ್ಕೆ ಸೇರಬಹುದು. ಜಪಾನಿನಲ್ಲಿ ಅವಲಂಬಿತರ ವೀಸಾದಲ್ಲಿ ಬಂದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಸಿಂಗಪುರದಲ್ಲಿ 2021ರ ಮೇ ತಿಂಗಳಿಂದ ಅವಲಂಬಿತರ ಪಾಸ್ ಇದ್ದವರು ನೌಕರಿಗೆ ಸೇರಬೇಕಾದರೆ ಕೆಲಸಕ್ಕೆಂದೇ ಪ್ರತ್ಯೇಕ ಪಾಸ್ ಬೇಕು. ಅಮೆರಿಕದ ಎಚ್-4ನಲ್ಲಿ, ಅಂದರೆ ಎಚ್-1ಬಿ ಎಂಬ ಕೆಲಸದ ವೀಸಾ ಇದ್ದವರ ಸಂಗಾತಿಗೆ ಸಿಗುವ ವೀಸಾದಲ್ಲಿ, 2015ರಿಂದ ಕೆಲವರಿಗೆ ಅವಕಾಶವಿದೆ, ಆದರೆ ಎಚ್-1ಬಿ ಹೊಂದಿದವರ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿರಬೇಕು. ಇವು ಬದಲಾಗುತ್ತಲೇ ಇರುತ್ತವೆ. ಹೊರಡುವ ವಾರ ಸರ್ಕಾರಿ ಜಾಲತಾಣದಲ್ಲಿ ಇನ್ನೊಮ್ಮೆ ನೋಡಲೇಬೇಕು.

ಹಕ್ಕು ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ನೆದರ್‌ಲ್ಯಾಂಡ್ಸ್‌ನ ಹಲವು ಪ್ರಾಥಮಿಕ ಶಾಲೆಗಳು ಬುಧವಾರ ಮಧ್ಯಾಹ್ನದ ಹೊತ್ತಿಗೇ ಮಕ್ಕಳನ್ನು ಮನೆಗೆ ಕಳಿಸುತ್ತವೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರು ಅರೆಕಾಲಿಕ ಕೆಲಸದಲ್ಲಿರುತ್ತಾರೆ ಎಂಬ ಊಹೆ ಆ ವೇಳಾಪಟ್ಟಿಯಲ್ಲೇ ಕೂತಿದೆ. ತಾಯಿ ಕೆಲಸ ಬಿಡಬೇಕು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗಡಿಯಾರವೇ ಹೇಳುತ್ತದೆ. ಒಂದು ಸಮಾಜದ ಧೋರಣೆಯನ್ನು ಅದರ ಭಾಷಣಕ್ಕಿಂತ ಶಾಲೆಯ ಗಂಟೆ, ಅಂಗಡಿ ಮುಚ್ಚುವ ಹೊತ್ತು, ಡೇಕೇರ್‌ನ ಕಾಯುವ ಪಟ್ಟಿ ಇವುಗಳಲ್ಲಿ ಓದುವುದು ಒಳ್ಳೆಯದು.

ಧೋರಣೆಯನ್ನು ಮೂರು ಕಡೆ ಬೇರೆಬೇರೆಯಾಗಿ ನೋಡಬೇಕು: ಕಾನೂನಿನಲ್ಲಿ, ಕೌಂಟರಿನಲ್ಲಿ, ನೆರೆಮನೆಯಲ್ಲಿ. ಮೂರೂ ಒಂದೇ ಥರ ಇರುವುದು ಅಪರೂಪ.

ಕಾನೂನನ್ನು ಓದುವುದು ಸುಲಭ, ಆದರೂ ಜನ ಓದುವುದಿಲ್ಲ. ಸಲಿಂಗ ಸಂಬಂಧ ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಅಪರಾಧ. ಮದುವೆಯಾಗದೆ ಜತೆಗಿರುವುದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2020ರ ತಿದ್ದುಪಡಿಯವರೆಗೂ ಅಪರಾಧವೇ ಆಗಿತ್ತು. ಔಷಧದ ಪೆಟ್ಟಿಗೆಯನ್ನೂ ಇದೇ ಕಣ್ಣಿನಿಂದ ನೋಡಿ. ಗಮನ ಕೊರತೆಯ ತೊಂದರೆಗೆ (ಎಡಿಎಚ್‌ಡಿ) ಬೇರೆಡೆ ವೈದ್ಯರೇ ಬರೆದುಕೊಡುವ ಆಂಫೆಟಮಿನ್ ಮಾತ್ರೆಗಳನ್ನು ಜಪಾನಿಗೆ ಒಯ್ಯುವಂತೆಯೇ ಇಲ್ಲ, ಚೀಟಿ ಇದ್ದರೂ ಇಲ್ಲ. ಮಕ್ಕಳಿಗೆ ಒಂದೇಟು ಕೊಡುವುದನ್ನು ಸ್ವೀಡನ್ 1979ರಲ್ಲೇ ನಿಷೇಧಿಸಿತು, ಜರ್ಮನಿ 2000ದಲ್ಲಿ. ಮಗುವಿಗೆ ತೊಂದರೆಯಾಗುತ್ತಿದೆ ಎಂಬ ಅನುಮಾನ ಬಂದರೆ ಸ್ವೀಡನ್ನಿನ ಶಿಕ್ಷಕರು ಮತ್ತು ವೈದ್ಯರು ಸಮಾಜಸೇವಾ ಇಲಾಖೆಗೆ ತಿಳಿಸಲೇಬೇಕು. ಅವರು ಅಲ್ಲಿ ಚಾಡಿ ಹೇಳುತ್ತಿಲ್ಲ, ಕರ್ತವ್ಯ ಮಾಡುತ್ತಿದ್ದಾರೆ. ‘ನಮ್ಮ ಮನೆಯ ವಿಷಯ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಇದನ್ನು ಗಂಡ ಹೆಂಡತಿ ವಿಮಾನ ಹತ್ತುವ ಮೊದಲೇ ಕೂತು ಮಾತಾಡಿಕೊಂಡಿರಬೇಕು.

ಹೆಚ್ಚಿನ ಪೆಟ್ಟು ಬೀಳುವುದು ಕೌಂಟರಿನಲ್ಲಿ, ಅಂದರೆ ಮನೆ ಮಾಲೀಕರು, ಬ್ಯಾಂಕು, ಕ್ಲಿನಿಕ್ಕು, ನೋಂದಣಿ ಕಚೇರಿ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಬಾಡಿಗೆ ಮನೆ ಹುಡುಕಿದ ವಿದೇಶಿಯರ ಪೈಕಿ ಸುಮಾರು ಶೇ 40 ಮಂದಿ ವಿದೇಶಿ ಎಂಬ ಕಾರಣಕ್ಕೇ ತಮಗೆ ಮನೆ ಕೊಡಲಿಲ್ಲ ಎಂದಿದ್ದರು. ಬೀದಿಯಲ್ಲಿ ಅಷ್ಟು ಸೌಜನ್ಯ ತೋರುವ ದೇಶವೇ ಇದು. ಎರಡೂ ನಿಜ, ಸೌಜನ್ಯಕ್ಕೂ ಬಾಡಿಗೆ ಕರಾರಿಗೂ ಸಂಬಂಧವಿಲ್ಲ.

ಜರ್ಮನಿಯಲ್ಲಿ ಒಬ್ಬ ಮಾಲೀಕರ ‘ಇಲ್ಲ’ ಎಷ್ಟು ದೂರ ಹೋಗುತ್ತದೆ ನೋಡಿ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಅದೇ ವಿಳಾಸಕ್ಕೆ ಬರುತ್ತದೆ, ಅದು ಕೈಗೆ ಬಾರದಿದ್ದರೆ ಸಂಬಳದಲ್ಲಿ ಹೆಚ್ಚಿನ ತೆರಿಗೆ ಹಿಡಿಯಬಹುದು. ಅನೇಕ ಬ್ಯಾಂಕುಗಳೂ ನೋಂದಣಿ ಪತ್ರ ಕೇಳುತ್ತವೆ. ಮೊದಲ ಮೂರು ತಿಂಗಳಿಗೆ ಪೀಠೋಪಕರಣ ಸಹಿತ ಮನೆ ಹಿಡಿಯುವಾಗ ‘ಈ ವಿಳಾಸದಲ್ಲಿ ನೋಂದಣಿಗೆ ಪತ್ರ ಕೊಡುತ್ತೀರಾ?’ ಎಂದು ಬರಹದಲ್ಲಿ ಕೇಳಿ, ಹೌದು ಎಂದು ಬರಹದಲ್ಲೇ ಉತ್ತರ ಬಂದ ಮೇಲೆ ಮುಂಗಡ ಕೊಡಿ. ಠೇವಣಿ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ ಎಂಬುದೂ ಗೊತ್ತಿರಲಿ.

ನೆರೆಮನೆಯ ವಿಷಯಕ್ಕೆ ಬಂದರೆ, ಹೊಸಬರು ಶಿಸ್ತನ್ನು ದ್ವೇಷವೆಂದು ತಪ್ಪು ತಿಳಿಯುವುದೇ ಹೆಚ್ಚು. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿಲ್ಲ. ಭಾನುವಾರ ಗೋಡೆಗೆ ಡ್ರಿಲ್ ಹಾಕಿದರೆ ಬಾಗಿಲಿಗೆ ಚೀಟಿ ಅಂಟುತ್ತದೆ. ಚೀಟಿ ಅಂಟಿದಾಗ ಕೇಳಿಕೊಳ್ಳಬೇಕಾದ್ದು ಒಂದೇ: ಇಲ್ಲೇ ಹುಟ್ಟಿ ಬೆಳೆದವರ ಬಾಗಿಲಿಗೂ ಇದೇ ಚೀಟಿ ಬೀಳುತ್ತದೆಯೇ? ಬೀಳುತ್ತದೆಂದರೆ ಅದು ನಿಯಮ. ನಿಮಗೆ ಮಾತ್ರ ಎಂದಾದರೆ ಅದು ಬೇರೆ ಮಾತು, ಆಗ ದಿನಾಂಕ ಸಮೇತ ಬರೆದಿಟ್ಟುಕೊಳ್ಳಲು ಶುರುಮಾಡಿ. ಇದರ ಉಲ್ಟಾ ತಪ್ಪೂ ಇದೆ. ನಗುಮುಖದ ‘ಹೇಗಿದ್ದೀರಿ’ ಕೇಳಿ ಸ್ನೇಹ ಸಿಕ್ಕಿತೆಂದುಕೊಂಡವರು ಆರು ತಿಂಗಳಾದರೂ ಯಾರ ಮನೆಯ ಹೊಸಿಲೂ ದಾಟಿರುವುದಿಲ್ಲ.

ಸಮೀಕ್ಷೆಗಳನ್ನು ನೋಡಬಾರದೇ? ನೋಡಿ, ಆದರೆ ಯಾವುದು ಏನನ್ನು ಅಳೆಯುತ್ತದೆ ಎಂದು ತಿಳಿದು ನೋಡಿ. 1981ರಲ್ಲಿ ಶುರುವಾದ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲಿ ‘ಯಾರು ನಿಮ್ಮ ನೆರೆಯವರಾಗುವುದು ಬೇಡ?’ ಎಂಬ ಪ್ರಶ್ನೆಯಿದೆ; ವಲಸಿಗರು, ಬೇರೆ ಜನಾಂಗದವರು, ಬೇರೆ ಧರ್ಮದವರು ಎಂದು ಬಿಡಿಬಿಡಿಯಾಗಿ ಉತ್ತರ ಸಿಗುತ್ತದೆ. ದೇಶದ ಸರಾಸರಿ ಬಿಟ್ಟು ವಯಸ್ಸಿನ ಪ್ರಕಾರ, ಸಾಧ್ಯವಾದರೆ ಪ್ರಾಂತ್ಯದ ಪ್ರಕಾರ ತೆಗೆದು ನೋಡಿ. ಮೈಪೆಕ್ಸ್ ಎಂಬ ಸೂಚ್ಯಂಕ ಕುಟುಂಬ ಸೇರ್ಪಡೆ, ಶಿಕ್ಷಣ, ಪೌರತ್ವ, ತಾರತಮ್ಯ ವಿರೋಧಿ ಕಾನೂನು ಮೊದಲಾದ ಎಂಟು ವಿಷಯಗಳಲ್ಲಿ ಸರ್ಕಾರದ ನೀತಿಯನ್ನಷ್ಟೇ ಅಳೆಯುತ್ತದೆ, ಜನರ ಮನಸ್ಸನ್ನಲ್ಲ. ಜನ ಸಮೀಕ್ಷೆಯಲ್ಲಿ ಹೇಳುವುದಕ್ಕೂ ಮಾಡುವುದಕ್ಕೂ ಅಂತರವಿದೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಾಸ್ಟನ್ ಮತ್ತು ಷಿಕಾಗೊದ ಉದ್ಯೋಗದಾತರಿಗೆ ಒಂದೇ ತೂಕದ ಅರ್ಜಿಗಳನ್ನು ಕಳಿಸಿ ಹೆಸರು ಮಾತ್ರ ಬದಲಿಸಿದ್ದರು. ಬಿಳಿಯರದೆನಿಸುವ ಹೆಸರಿಗೆ ಕರಿಯರದೆನಿಸುವ ಹೆಸರಿಗಿಂತ ಶೇ 50ರಷ್ಟು ಹೆಚ್ಚು ಕರೆ ಬಂತು. ಇನ್ನು ‘ವಲಸಿಗರಿಗೆ ಅತಿ ಖುಷಿಯ ದೇಶ’ ಎಂಬ ಪಟ್ಟಿಗಳು. ಅವುಗಳಲ್ಲಿ ಎಷ್ಟೋ ಬಾರಿ ತಾವಾಗಿ ಫಾರ್ಮ್ ತುಂಬಿದವರ ಉತ್ತರಗಳಷ್ಟೇ ಇರುತ್ತವೆ, ಅವಕ್ಕೆ ಸಮಯ ಹಾಳು ಮಾಡಬೇಡಿ.

ಭಾಷೆಯನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ. ಕಚೇರಿ ಇಂಗ್ಲಿಷಿನಲ್ಲಿ ನಡೆದರೂ ಪೋಷಕರ ಸಭೆ, ಬಾಡಿಗೆ ಕರಾರು, ತುರ್ತು ಚಿಕಿತ್ಸಾ ಘಟಕದ ರಾತ್ರಿ ಪಾಳಿ ಇಂಗ್ಲಿಷಿನಲ್ಲಿ ನಡೆಯುತ್ತವೆಂಬ ಭರವಸೆ ಇಲ್ಲ. ಜರ್ಮನ್ನಿನಲ್ಲಿ ಬಿ1 ಮಟ್ಟಕ್ಕೆ, ಅಂದರೆ ದಿನನಿತ್ಯದ ವ್ಯವಹಾರ ಸ್ವತಂತ್ರವಾಗಿ ನಡೆಸುವಷ್ಟಕ್ಕೆ, 45 ನಿಮಿಷದ 350ರಿಂದ 650 ಪಾಠಗಳು ಬೇಕು ಎಂಬುದು ಜರ್ಮನ್ ಕಲಿಸುವ ಸಂಸ್ಥೆಯಾದ ಗಯಟೆ ಇನ್‌ಸ್ಟಿಟ್ಯೂಟ್‌ನ ಅಂದಾಜು. ಕೆಲಸದ ನಡುವೆ ವಾರಕ್ಕೆ ನಾಲ್ಕು ಪಾಠ ಎಂದರೆ ವರ್ಷಕ್ಕೆ ಹೆಚ್ಚೆಂದರೆ 200. ಎರಡು ಮೂರು ವರ್ಷ ಹಿಡಿಯುತ್ತದೆ. ಮಕ್ಕಳಿಗಂತೂ ವಯಸ್ಸೇ ನಿರ್ಣಾಯಕ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುವಾಗ, ಸುಮಾರು 10ನೇ ವಯಸ್ಸಿಗೆ, ಮಗು ಯಾವ ಬಗೆಯ ಪ್ರೌಢಶಾಲೆಗೆ ಎಂಬುದು ತೀರ್ಮಾನವಾಗುತ್ತದೆ. ಆರರಲ್ಲಿ ಹೋದ ಮಗುವಿಗೆ ಭಾಷೆ ಕಲಿಯಲು ನಾಲ್ಕು ವರ್ಷ, ಒಂಬತ್ತರಲ್ಲಿ ಹೋದ ಮಗುವಿಗೆ ಒಂದೇ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಪ್ರಾಥಮಿಕ ಹಂತ ಆರು ವರ್ಷ. ಒಂಬತ್ತು ವಯಸ್ಸಿನ ಮಗುವಿದ್ದರೆ ಸಂಬಳಕ್ಕಿಂತ ಈ ವ್ಯತ್ಯಾಸವನ್ನೇ ಮೊದಲು ನೋಡಬೇಕು.

ಆಗುವುದಾದರೆ ನಾಲ್ಕು ವಾರ ಹೋಗಿ ಇದ್ದು ನೋಡಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಪ್ರವಾಸಿಗರಿಗೆ ಒಟ್ಟಾರೆ 180 ದಿನಗಳಲ್ಲಿ 90 ದಿನದ ಮಿತಿ ಇದೆ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಉತ್ತರ ಯುರೋಪಿಗಾದರೆ ಜನವರಿ, ಕೊಲ್ಲಿ ದೇಶಗಳಿಗಾದರೆ ಜುಲೈ. ನಗರ ಮಧ್ಯದ ಹೋಟೆಲು ಬೇಡ, ನಿಮ್ಮ ಸಂಬಳಕ್ಕೆ ಎಟುಕುವ ಹೊರವಲಯದಲ್ಲಿ ಮನೆ ಹಿಡಿಯಿರಿ. ಬೆಳಗ್ಗೆ ಎಂಟಕ್ಕೆ ಕಚೇರಿಯ ತನಕ ಹೋಗಿ ಬನ್ನಿ, ಕಸ ವಿಂಗಡಿಸಿ ಹಾಕಿ, ಹತ್ತು ಬಾಡಿಗೆ ಜಾಹೀರಾತಿಗೆ ಅರ್ಜಿ ಕಳಿಸಿ ಎಷ್ಟಕ್ಕೆ ಉತ್ತರ ಬಂತು ಎಣಿಸಿ.

ಅಲ್ಲಿರುವವರನ್ನು ಕೇಳುವಾಗ ಒಂದೇ ವರ್ಷವಾದವರನ್ನು ಮಾತ್ರ ಕೇಳಬೇಡಿ. ಐದು ವರ್ಷ ದಾಟಿದವರನ್ನೂ ವಾಪಸ್ ಬಂದವರನ್ನೂ ಹಿಡಿಯಿರಿ. ಅಭಿಪ್ರಾಯ ಕೇಳಿದರೆ ಅಭಿಪ್ರಾಯವೇ ಸಿಗುತ್ತದೆ. ಬದಲಿಗೆ ‘ಊರಿಗೆ ಹೋಗುವಾಗ ಮನೆಯ ಬೀಗದ ಕೈ ಯಾರಿಗೆ ಕೊಡುತ್ತೀರಿ?’, ‘ಮಗುವಿಗೆ ಜ್ವರ ಬಂದರೆ ಶಾಲೆಯಿಂದ ಯಾರು ಕರೆತರುತ್ತಾರೆ?’, ‘ಹೋದ ತಿಂಗಳು ಸ್ಥಳೀಯರ ಮನೆಗೆ ಊಟಕ್ಕೆ ಹೋಗಿದ್ದಿರಾ?’ ಎಂದು ಕೇಳಿ. ಐದನೇ ವರ್ಷದಲ್ಲೂ ಬೀಗದ ಕೈ ಕೊಡಲು ಯಾರೂ ಇಲ್ಲವೆಂದರೆ ಆ ಉತ್ತರಕ್ಕೆ ಯಾವ ಸೂಚ್ಯಂಕಕ್ಕಿಂತಲೂ ಹೆಚ್ಚು ಬೆಲೆಯಿದೆ.

ಕೊನೆಗೆ ಅಂಕ ಕೂಡಿಸಿ ಸರಾಸರಿ ತೆಗೆಯಬೇಡಿ. ಸರಾಸರಿಯಲ್ಲಿ ಒಬ್ಬರ ಉಸಿರುಗಟ್ಟುವಿಕೆ ಇನ್ನೊಬ್ಬರ ಸಂಬಳದಡಿ ಮುಚ್ಚಿಹೋಗುತ್ತದೆ. ಮನೆಯ ದೊಡ್ಡವರೆಲ್ಲ ಪ್ರತ್ಯೇಕವಾಗಿ ಕೂತು, ‘ಕಿರಿಕಿರಿ, ಆದರೆ ನಡೆಯುತ್ತದೆ’ ಮತ್ತು ‘ಇದು ಸಾಧ್ಯವೇ ಇಲ್ಲ’ ಎಂದು ಎರಡು ಪಟ್ಟಿ ಬರೆದು ಆಮೇಲೆ ಅದಲುಬದಲು ಮಾಡಿಕೊಳ್ಳಿ. ಎರಡನೇ ಪಟ್ಟಿಯಲ್ಲಿ ಯಾರೇ ಬರೆದ ಸಂಗತಿ ಆ ದೇಶದಲ್ಲಿ ಖಚಿತವಾಗಿದ್ದರೆ, ಬೇರೆ ದೇಶ ನೋಡಿ.

ಹೊರಡುವುದೆಂದು ನಿಶ್ಚಯವಾದರೆ ವಾಪಸಾಗುವ ದಾರಿಯನ್ನೂ ಕಾಗದದಲ್ಲಿ ಬರೆದಿಡಿ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಮನೆ ಖಾಲಿ ಮಾಡಿ, ಮಕ್ಕಳ ಶಾಲೆ ಬಿಡಿಸಿ, ನಾಲ್ವರಿಗೆ ಟಿಕೆಟ್ ತೆಗೆಯುವಷ್ಟು ಹಣ ಬೇರೆ ಖಾತೆಯಲ್ಲಿ ಇರಬೇಕು. ಜರ್ಮನಿಯ ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು, ಆದರೆ ಇಷ್ಟು ವರ್ಷ ನೋಟಿಸ್ ಕೊಡುವುದಿಲ್ಲ ಎಂಬ ಷರತ್ತನ್ನು ಕೆಲವು ಮಾಲೀಕರು ಸೇರಿಸುತ್ತಾರೆ. ನಾಲ್ಕು ವರ್ಷದವರೆಗೆ ಅದು ಕಾನೂನುಬದ್ಧವೇ. ಮೊದಲ ಮನೆಗೆ ಅಂಥ ಷರತ್ತಿರುವ ಕರಾರಿಗೆ ಸಹಿ ಹಾಕಬೇಡಿ, ಮನೆ ಎಷ್ಟೇ ಚೆನ್ನಾಗಿರಲಿ.