ನೆನೆಗುದಿ

‘ಬಸ್ ನಿಲ್ದಾಣದ ಕಾಮಗಾರಿ ನೆನೆಗುದಿಗೆ ಬಿದ್ದಿದೆ.’ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸಾಲನ್ನು ಎಷ್ಟು ಸಲ ಓದಿದ್ದೇವೆ, ಅಲ್ವಾ? ಕೆಲವರು ‘ನನೆಗುದಿ’ ಎಂದೂ ಬರೆಯುತ್ತಾರೆ. ಕೆಲಸ ನಡುವೆ ನಿಂತಿದೆ ಎಂಬ ಅರ್ಥ ಎಲ್ಲರಿಗೂ ಗೊತ್ತು.

ಪದವನ್ನು ಬಿಡಿಸಿ ನೋಡಿ. ನೆನೆ, ಕುದಿ ಸೇರಿ ನೆನೆಗುದಿ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದಲ್ಲ, ಹಾಗೆಯೇ. ಇಲ್ಲಿ ‘ನೆನೆ’ ಅಂದರೆ ಮಳೆಗೆ ಒದ್ದೆಯಾಗುವುದಲ್ಲ, ಮನಸ್ಸಿನಲ್ಲಿ ನೆನೆಸಿಕೊಳ್ಳುವುದು. ನೆನೆನೆನೆದು ಒಳಗೇ ಕುದಿಯುವುದು. ಹಾಗಾಗಿ ಇದು ಮೊದಲು ಕಾಯುವವರ ಪದ. ಕಡತಕ್ಕೆ ಅಂಟಿಕೊಂಡದ್ದು ಆಮೇಲೆ.

ಘಟ್ಟದ ಮೇಲಿನ ಒಂದು ಊರಲ್ಲಿ, ಆಷಾಢದ ಮಳೆಯಲ್ಲಿ, ತಗಡಿನ ಶೆಡ್ಡಿನ ಅಂಚಿಗೆ ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ಕೇಳಿದರು: “ತಮಾ, ಬನವಾಸಿ ಬಸ್ಸು ಈಗ ಎಲ್ಲಿ ನಿಲ್ತು?” ಸೆರಗಿನ ಅಡಿಯಲ್ಲಿ ಔಷಧದ ಚೀಟಿ ಒದ್ದೆಯಾಗದಂತೆ ಹಿಡಿದಿದ್ದರು. ನೆನೆಗುದಿ ಅಂದಾಗಲೆಲ್ಲ ನನಗೆ ಆ ಕೈ ಕಾಣುತ್ತದೆ.

ಕಾಮಗಾರಿ ನೆನೆಗುದಿಗೆ ಬೀಳುವುದು ಎಲ್ಲಿ? ಬಜೆಟ್ಟಿನಲ್ಲಿ ಘೋಷಣೆಯಾದರೆ ಸಾಲದು. ಆಡಳಿತಾತ್ಮಕ ಮಂಜೂರಾತಿ ಬೇಕು, ತಾಂತ್ರಿಕ ಮಂಜೂರಾತಿ ಬೇಕು, ಟೆಂಡರ್ ಆಗಬೇಕು, ಗುತ್ತಿಗೆದಾರರಿಗೆ ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಎಂಬ ಆದೇಶ, ಸಿಗಬೇಕು. ಮಾಡಿದ ಕೆಲಸದ ಬಿಲ್ ಪಾಸಾಗದಿದ್ದರೂ ಕೆಲಸ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಪಾಯ ತೋಡಲು ಬಿಡುವುದಿಲ್ಲ. ಎರಡು ತಿಂಗಳು ತಡವಾದ ಟೆಂಡರ್ ಒಂದು ವರ್ಷವನ್ನೇ ನುಂಗುವುದು ಹೀಗೆ.

ಜಗಳ ಶುರುವಾಗುವುದೂ ಇಲ್ಲೇ. ‘ಅನುದಾನ ತಂದವರು ನಾವು’ ಎಂದು ಹಿಂದೆ ಅಧಿಕಾರದಲ್ಲಿದ್ದವರು, ‘ಬರೀ ಗುದ್ದಲಿ ಪೂಜೆ ಮಾಡಿ ಹೋದಿರಿ’ ಎಂದು ಈಗಿನವರು. ನಗರಸಭೆಯಲ್ಲೂ ಇದೇ ಗದ್ದಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಾರಿಗೆ ಬಸ್ ನಿಲ್ದಾಣಗಳು ಬರುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಒಬ್ಬರು ಮಂಜೂರಾತಿಯ ಬಗ್ಗೆ, ಇನ್ನೊಬ್ಬರು ಕಾರ್ಯಾದೇಶದ ಬಗ್ಗೆ ಮಾತಾಡಿದರೆ ಇಬ್ಬರ ಮಾತೂ ನಿಜವಿರಬಹುದು. ಶೆಡ್ಡಿನ ಕೆಳಗೆ ನಿಂತವರಿಗೆ ಅದರಿಂದ ಏನೂ ಸಿಕ್ಕುವುದಿಲ್ಲ.

ಕೇಳಬೇಕಾದ್ದು ಎರಡೇ: ಕಾರ್ಯಾದೇಶದ ತಾರೀಖು ಯಾವುದು, ಮುಗಿಸುವ ಗಡುವು ಯಾವಾಗ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಲೇಬೇಕು.