ಒಪ್ಪಿಗೆ ಕೊಡುವ ಮೊದಲೇ ಮುಗಿದುಹೋಗುವ ಚರ್ಚೆ: ಕನ್ನಂಬಾಡಿಯಿಂದ ಧನವಿನಿಯೋಗ ವಿಧೇಯಕದವರೆಗೆ

1911ರ ಅಕ್ಟೋಬರ್ 12ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕನ್ನಂಬಾಡಿ ಅಣೆಕಟ್ಟೆಗೆ 81 ಲಕ್ಷ ರೂಪಾಯಿ ಮಂಜೂರು ಮಾಡಿದರು. ಮೈಸೂರು, ಮಂಡ್ಯದಲ್ಲಿ ಈ ಕಥೆ ಹೇಳುವವರು ಹಣಕಾಸು ಇಲಾಖೆಯನ್ನು ಖಳನ ಜಾಗದಲ್ಲಿ ನಿಲ್ಲಿಸುವುದೇ ಹೆಚ್ಚು. ಆದರೆ ಬೇಡ ಎಂದವರ ತಕರಾರು ದಡ್ಡತನದ್ದಲ್ಲ. ಅಷ್ಟೊಂದು ವಿದ್ಯುತ್ತಿಗೆ ಗಿರಾಕಿ ಎಲ್ಲಿ ಎಂಬುದು ಅವರ ಪ್ರಶ್ನೆ. ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಬಳಿ ಅದಕ್ಕೆ ಉತ್ತರವಿತ್ತು: 1902ರಿಂದಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲೂ ನದಿಗೆ ನೀರು ಬಿಡಲು ಸಾಧ್ಯವಾದರೆ ಆ ಆದಾಯವೇ ಅಣೆಕಟ್ಟೆಯ ಭಾರ ಹೊರಲು ನೆರವಾಗುತ್ತದೆ.

ಈ ವಾದ ನಡೆದದ್ದು ಕಡತಗಳಲ್ಲಿ, ಸಭೆಯ ಮತದಾನದಲ್ಲಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಆರಂಭವಾಗಿತ್ತು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ಜಮಾಖರ್ಚು ಓದುತ್ತಿದ್ದರು, ಸದಸ್ಯರು ಅಹವಾಲು ಹೇಳುತ್ತಿದ್ದರು. ಮತ ಹಾಕುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. 1907ರಲ್ಲಿ ಬಂದ ನ್ಯಾಯವಿಧಾಯಕ ಸಭೆಗೆ ಬಜೆಟ್ ಚರ್ಚಿಸುವ ಹಕ್ಕು ಸಿಕ್ಕಿದ್ದು 1913ರಲ್ಲಿ, ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು 1923ರಲ್ಲಿ. ಅಷ್ಟರಲ್ಲಿ ಅಣೆಕಟ್ಟೆಯ ಕೆಲಸ ಬಹುದೂರ ಸಾಗಿತ್ತು. 1911ರಲ್ಲೇ ಮತಕ್ಕೆ ಹಾಕಿದ್ದರೆ ಗೆಲ್ಲುತ್ತಿತ್ತೇ? ನನಗೆ ಅನುಮಾನವಿದೆ. ಮಂಡ್ಯದ ಗದ್ದೆಗೆ ನಮ್ಮ ಕಂದಾಯವೇಕೆ ಎಂದು ಶಿವಮೊಗ್ಗ, ಚಿತ್ರದುರ್ಗದವರು ಕೇಳದೇ ಬಿಡುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಅಭಿಮಾನದ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ಮದ್ರಾಸ್ ಸರ್ಕಾರದ ವಿರೋಧದಿಂದಾಗಿ ಆಗ ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿ (ಶತಕೋಟಿ ಘನ ಅಡಿ) ನೀರಿನ ಸಂಗ್ರಹಕ್ಕೆ. ಅಡಿಪಾಯ ಹಾಕಿದ್ದು ಮಾತ್ರ 41.5 ಟಿಎಂಸಿಯ ಮೂಲ ಯೋಜನೆಗೆ. ವಿವಾದ ತೀರಿದ್ದು 1924ರ ಒಪ್ಪಂದದಲ್ಲಿ. ಅಡಿಪಾಯ ಬಿದ್ದ ಮೇಲೆ ‘ಬೇಕೇ, ಬೇಡವೇ’ ಎಂಬ ಪ್ರಶ್ನೆ ಸತ್ತು, ‘ಇಷ್ಟು ಸುರಿದು ಈಗ ನಿಲ್ಲಿಸುವುದೇ?’ ಎಂಬುದಷ್ಟೇ ಉಳಿಯುತ್ತದೆ. ಕನ್ನಂಬಾಡಿಯಲ್ಲಿ ಅದು ಒಳ್ಳೆಯದಕ್ಕೇ ಆಯಿತು, ನಿಜ. ಖರ್ಚು ತುಂಬಿಕೊಳ್ಳುವ ಸರದಿ ಬಂದಾಗ ದನಿ ಎತ್ತಿದವರು ರೈತರು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಜಮೀನಿನ ಮೇಲೆ ಹೇರಿದ ವಂತಿಗೆಯ ವಿರುದ್ಧ 1930ರ ದಶಕದ ಆರಂಭದಲ್ಲಿ ಚಳವಳಿಯೇ ನಡೆಯಿತು.

ಈಗ ಸಂವಿಧಾನವಿದೆ. 203ನೇ ವಿಧಿಯಂತೆ ಇಲಾಖಾವಾರು ಬೇಡಿಕೆಗಳಿಗೆ ವಿಧಾನಸಭೆ ಒಪ್ಪಬೇಕು, 204ರಂತೆ ಆ ಹಣ ತೆಗೆಯಲು ಅನುಮತಿ ಕೊಡುವ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ಇಲ್ಲದಿದ್ದರೆ ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಖಜಾನೆಯಿಂದ, ಬಿಡಿಗಾಸೂ ಹೊರಬರುವಂತಿಲ್ಲ. ವಿಧೇಯಕಕ್ಕೆ ಬಂದ ಮೇಲೆ ಮೊತ್ತವನ್ನಾಗಲಿ ಉದ್ದೇಶವನ್ನಾಗಲಿ ತಿದ್ದುವಂತಿಲ್ಲ. ತಕರಾರಿದ್ದರೆ ಬೇಡಿಕೆಯ ಹಂತದಲ್ಲೇ ಮೊತ್ತ ಇಳಿಸಿ ಎನ್ನುವ ಕಡಿತ ಸೂಚನೆ ತರಬೇಕು. ವಿಧೇಯಕವನ್ನೇ ತಡೆದರೆ ಮೇಷ್ಟರ ಸಂಬಳವೂ ಪಿಂಚಣಿಯೂ ನಿಲ್ಲುತ್ತವೆ ಎಂಬುದು ಪರ ವಾದದ ಬಲ. ಕೋಟಿಗಟ್ಟಲೆಯ ಬೇಡಿಕೆಗಳು ಗದ್ದಲದ ನಡುವೆ ಧ್ವನಿಮತದಲ್ಲಿ ದಾಟಿಹೋಗುತ್ತವೆ ಎಂಬುದು ವಿರೋಧದ ಬಲ. ಮೇಲ್ಮನೆಯಾದ ವಿಧಾನ ಪರಿಷತ್ತು ವಿಧೇಯಕವನ್ನು 14 ದಿನ ಇಟ್ಟುಕೊಳ್ಳಬಹುದು, ಅಷ್ಟೇ.

ಮೈಸೂರು ಜಿಲ್ಲೆಯವರೇ ಆದ ಸಿದ್ದರಾಮಯ್ಯ 2025–26ಕ್ಕೆ ಮಂಡಿಸಿದ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಗ್ಯಾರಂಟಿಗಳಿಗೇ 51 ಸಾವಿರ ಕೋಟಿ. ಜಗಳವೆಲ್ಲ ಈ ಎರಡನೆಯ ಅಂಕಿಯ ಸುತ್ತ. ನನ್ನ ಚಿಂತೆ ವರ್ಷದ ನಡುವೆ ಹೆಚ್ಚುವರಿ ಹಣ ಕೇಳಿ ಬರುವ ಪೂರಕ ಅಂದಾಜುಗಳದ್ದು. ಅವು ಸದನಕ್ಕೆ ಬರುವ ಹೊತ್ತಿಗೆ ಎಷ್ಟೋ ಕಡೆ ಅಡಿಪಾಯ ಬಿದ್ದಿರುತ್ತದೆ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಗೆ (1933ರದ್ದು) ಸರ್ಕಾರಗಳು ಮತ್ತೆ ಮತ್ತೆ ಹಣ ಕೊಟ್ಟಿವೆ. ಮಂಡ್ಯದಲ್ಲಿ ಅದನ್ನು ಬೇಡ ಎನ್ನುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಇರಬೇಕಾಗಿಯೂ ಇಲ್ಲ. ಕೊಟ್ಟದ್ದರಲ್ಲಿ ಯಂತ್ರಕ್ಕೆಷ್ಟು, ಹಳೆಯ ಬಾಕಿಗೆಷ್ಟು ಎಂದು ಮುಂದಿನ ಕಂತಿಗೆ ಕೈ ಎತ್ತುವ ಮೊದಲು ಕೇಳಲು ಯಾವ ಅಡ್ಡಿಯೂ ಇಲ್ಲ.