ಬೆಳೆಗಾರರ ಸಭೆಗೆ ಥಂಡರ್‌ಬರ್ಡ್‌ನಿಂದಲೇ ಆಹ್ವಾನ ಕಳುಹಿಸಬಹುದೇ?

ಪ್ರಶ್ನೆ: ಗೋಣಿಕೊಪ್ಪದ ಬಳಿ ಸಣ್ಣ ಕಾಫಿ ಬೆಳೆಗಾರರ ಗುಂಪೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಸಭೆಯನ್ನು ಗೊತ್ತುಮಾಡಿ ಎಲ್ಲರಿಗೂ ಆಹ್ವಾನ ಕಳುಹಿಸಬಹುದೇ? ಸದಸ್ಯರಲ್ಲಿ ಕೆಲವರದು ಜಿಮೇಲ್, ಕೆಲವರದು ಔಟ್‌ಲುಕ್.

ಉತ್ತರ: ಧಾರಾಳವಾಗಿ ಕಳುಹಿಸಬಹುದು, ಒಂದು ರೂಪಾಯಿ ಖರ್ಚಿಲ್ಲದೆ. ಹಿಂದೆ ಇದಕ್ಕೆ ಲೈಟ್ನಿಂಗ್ ಎಂಬ ಕ್ಯಾಲೆಂಡರ್ ಆಡ್-ಆನ್ (ಹೆಚ್ಚುವರಿ ತಂತ್ರಾಂಶ) ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. 2015ರಿಂದ ಕ್ಯಾಲೆಂಡರ್ ಥಂಡರ್‌ಬರ್ಡ್ ಜೊತೆಗೇ ಬರುತ್ತಿದೆ. ಲಿನಕ್ಸ್‌ನಲ್ಲಿ ಎವಲ್ಯೂಷನ್ ಎಂಬ ಇಮೇಲ್ ತಂತ್ರಾಂಶ ಕೂಡ ಇದೇ ಕೆಲಸ ಮಾಡುತ್ತದೆ.

ಬೇರೆ ಬೇರೆ ತಂತ್ರಾಂಶಗಳು ಹೊಂದಿಕೊಳ್ಳುವುದಕ್ಕೆ ಕಾರಣ ಐಕ್ಯಾಲೆಂಡರ್ ಎಂಬ ಮುಕ್ತ ಮಾನಕ. 1998ರಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದ ಇದು ಯಾವ ಕಂಪನಿಯ ಸ್ವತ್ತೂ ಅಲ್ಲ. ಆಹ್ವಾನವು ಸಾಮಾನ್ಯ ಇಮೇಲ್‌ನೊಳಗೆ ಸರಳ ಪಠ್ಯವಾಗಿ ಹೋಗುತ್ತದೆ. ಅದರಲ್ಲಿ ಸಭೆಯ ಸಮಯ, ಕರೆದವರ ವಿಳಾಸ, ಆ ಸಭೆಗೆಂದೇ ಕೊಟ್ಟ ಗುರುತು ಸಂಖ್ಯೆ ಇರುತ್ತವೆ. ಸದಸ್ಯರು ‘ಬರುತ್ತೇನೆ’ ಎಂದು ಒತ್ತಿದರೆ ಅದೇ ಗುರುತು ಹೊತ್ತ ಉತ್ತರ ನಿಮ್ಮ ಅಂಚೆಪೆಟ್ಟಿಗೆಗೆ ಬರುತ್ತದೆ, ಥಂಡರ್‌ಬರ್ಡ್ ಅವರ ಹೆಸರಿನ ಮುಂದೆ ಅದನ್ನು ದಾಖಲಿಸುತ್ತದೆ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಕಂಪ್ಯೂಟರಿನಲ್ಲಿರುವ ಕ್ಯಾಲೆಂಡರಿಗೆ ಇಮೇಲ್ ವಿಳಾಸ ಜೋಡಿಸದಿದ್ದರೆ ಆಹ್ವಾನ ಹೋಗುವುದಿಲ್ಲ. ಕ್ಯಾಲೆಂಡರಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಇಮೇಲ್ ಎಂಬಲ್ಲಿ ನಿಮ್ಮ ವಿಳಾಸವನ್ನು ಆರಿಸಿ. ಆಮೇಲೆ ಸಭೆಯನ್ನು ಬರೆದು ಸದಸ್ಯರ ವಿಳಾಸಗಳನ್ನು ಸೇರಿಸಿದರೆ ಸಾಕು.

ಜುಲೈ ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿತು, ಸಭೆ ಮುಂದೂಡಬೇಕು ಎನ್ನಿ. ದಯವಿಟ್ಟು ಹೊಸ ಸಭೆ ಸೃಷ್ಟಿಸಬೇಡಿ. ಹಳೆಯದನ್ನೇ ತೆರೆದು ದಿನಾಂಕ ಬದಲಿಸಿ ಮತ್ತೆ ಕಳುಹಿಸಿ. ಗುರುತು ಸಂಖ್ಯೆ ಹಾಗೆಯೇ ಉಳಿಯುವುದರಿಂದ, ತಿದ್ದುಪಡಿಯನ್ನು ಒಪ್ಪಿಕೊಂಡವರ ಕ್ಯಾಲೆಂಡರಿನಲ್ಲಿ ಹಳೆಯ ನಮೂದೇ ಹೊಸ ದಿನಕ್ಕೆ ಸರಿಯುತ್ತದೆ. ಹೊಸದನ್ನು ಕಳುಹಿಸಿದರೆ ಎರಡೂ ದಿನ ಸಭೆ ಇರುವಂತೆ ಕಾಣುತ್ತದೆ, ಯಾರಾದರೂ ತಪ್ಪು ದಿನ ಬಂದು ನಿಲ್ಲುತ್ತಾರೆ. ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಥಂಡರ್‌ಬರ್ಡ್ ಅನ್ನು ಆಫ್‌ಲೈನ್‌ಗೆ ಹಾಕಿಯೂ ಈ ಕೆಲಸ ಮುಗಿಸಬಹುದು. ಪತ್ರ ಔಟ್‌ಬಾಕ್ಸ್‌ನಲ್ಲಿ ಕಾದಿದ್ದು ಸಂಪರ್ಕ ಮರಳಿದಾಗ ಹೋಗುತ್ತದೆ.

ಇಮೇಲ್ ಒಂದರಿಂದಲೇ ಆಗದ ಕೆಲಸವೂ ಇದೆ. ಯಾರು ಯಾವಾಗ ಬಿಡುವಾಗಿದ್ದಾರೆ ಎಂದು ಮುಂಚೆಯೇ ನೋಡಬೇಕಾದರೆ ಎಲ್ಲರ ಕ್ಯಾಲೆಂಡರ್ ನೆಕ್ಸ್ಟ್‌ಕ್ಲೌಡ್‌ನಂತಹ, ಎಲ್ಲರೂ ಹಂಚಿಕೊಳ್ಳುವ ಸರ್ವರ್‌ನಲ್ಲಿರಬೇಕು. ಸಣ್ಣ ಗುಂಪಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಎರಡು ಫೋನ್ ಕರೆಯಲ್ಲಿ ಆ ವಿಷಯ ತಿಳಿಯುತ್ತದೆ.

ಹಬ್ಬದ ದಿನ ಸಭೆ ಬೀಳದಂತೆ ಅವುಗಳನ್ನೂ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರ್ 3ರಂದು ಬರುವ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ‘ಪ್ರತಿ ವರ್ಷ’ ಎಂಬ ಪುನರಾವರ್ತನೆ ಸಾಕು. ಸುಗ್ಗಿ ಹಬ್ಬ ಪುತ್ತರಿಗೆ ಅದು ನಡೆಯದು, ಅದರ ದಿನ ವರ್ಷ ವರ್ಷ ಬದಲಾಗುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಮುಹೂರ್ತ ನಿಗದಿಯಾದ ಮೇಲೆ ಪ್ರತಿ ವರ್ಷ ಕೈಯಾರೆ ಸೇರಿಸಬೇಕು.